ದಿನದ ಊಟಕ್ಕೊಂದು ರೆಡ್ ವೈನ್

ನನಗೆ ಬೇಕಿರುವುದು ಹಬ್ಬಕ್ಕೆಂದು ತೆಗೆದಿಡುವ ಬಾಟಲಿಯಲ್ಲ. ವಾರದ ನಡುವೆ, ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಮುಚ್ಚಳ ತಿರುಗಿಸಿ ಒಂದು ಲೋಟ ಸುರಿದುಕೊಂಡು, ಉಳಿದದ್ದನ್ನು ಫ್ರಿಜ್ಜಿನಲ್ಲಿಡಬಹುದಾದ ರೆಡ್ ವೈನ್. ಬೆಲೆ 800 ರೂಪಾಯಿ ದಾಟಬಾರದು. 750 ಮಿಲಿಯ ಬಾಟಲಿಯಲ್ಲಿ 150 ಮಿಲಿಯ ಐದು ಲೋಟ, ಅಂದರೆ ಲೋಟಕ್ಕೆ 160 ರೂಪಾಯಿ. ಇದಕ್ಕಿಂತ ಹೆಚ್ಚಾದರೆ ಅದು ದಿನಬಳಕೆಯದಾಗಿ ಉಳಿಯುವುದಿಲ್ಲ.

ಈ ಬೆಲೆಗೆ ವಿದೇಶಿ ಬಾಟಲಿ ಹುಡುಕುವುದು ವ್ಯರ್ಥ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಸ್ಪೇನಿನಲ್ಲೋ ಚಿಲಿಯಲ್ಲೋ ಜನ ದಿನಾ ಊಟದ ಜೊತೆ ಕುಡಿಯುವ ಅಗ್ಗದ ವೈನು ಹಡಗು ಹತ್ತಿ ಇಲ್ಲಿಗೆ ಬರುತ್ತದೆ. ಅದರ ಮೇಲಿನ ಆಮದು ಸುಂಕ ಬಹುಕಾಲ ಶೇ. 150ರಷ್ಟಿತ್ತು, ಮೇಲೆ ರಾಜ್ಯದ ಅಬಕಾರಿ ತೆರಿಗೆ. ನಾವು ಕೊಟ್ಟ ದುಡ್ಡಿನಲ್ಲಿ ದ್ರಾಕ್ಷಿಗೆ ಸಲ್ಲುವ ಪಾಲು ತೀರಾ ಚಿಕ್ಕದು.

ಹಾಗಾಗಿ ನನ್ನ ಕಣ್ಣು ದೊಡ್ಡಬಳ್ಳಾಪುರದ ಕಡೆಗೆ. ನಂದಿಬೆಟ್ಟದ ತಪ್ಪಲಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಕನ್ವಲ್ ಗ್ರೋವರ್ ಫ್ರಾನ್ಸಿನ ತಳಿಗಳನ್ನು ನೆಡಿಸಿ ವೈನ್ ಮಾಡಬಹುದೆಂದು ತೋರಿಸಿಕೊಟ್ಟರು. ಹಗಲು ಬಿಸಿಲು, ರಾತ್ರಿ ತಂಪು. ಆ ತಂಪೇ ಹಣ್ಣಿನ ಹುಳಿಯನ್ನು ಕಾಯುತ್ತದೆ. ಯುರೋಪಿನಲ್ಲಿ ಸೆಪ್ಟೆಂಬರ್ ಸುಮಾರಿಗೆ ಕೊಯ್ಲಾದರೆ ನಮ್ಮಲ್ಲಿ ಮಳೆ ಮುಗಿದ ಮೇಲೆ ಬಳ್ಳಿ ಸವರಿ, ಫೆಬ್ರುವರಿ, ಮಾರ್ಚ್ ಹೊತ್ತಿಗೆ ಗೊಂಚಲು ಇಳಿಸುತ್ತಾರೆ. ಇಲ್ಲಿನ, ಇಲ್ಲವೇ ನಾಸಿಕದ ಶಿರಾಜ್ ದ್ರಾಕ್ಷಿಯ ವೈನ್, ಅಥವಾ ಕ್ಯಾಬರ್ನೆ ಮತ್ತು ಶಿರಾಜ್ ಬೆರಕೆ, ನನ್ನ ಊಟಕ್ಕೆ ಧಾರಾಳವಾಗಿ ಸಾಕು.

ಇವಕ್ಕಿಂತ ಅಗ್ಗಕ್ಕೆ ಸಿಹಿ ಪೋರ್ಟ್ ವೈನ್ ಸಿಗುತ್ತದೆ, ಬೆಂಗಳೂರು ನೀಲಿ ದ್ರಾಕ್ಷಿಯದ್ದು ಕೂಡ. ಆ ಹಣ್ಣಿನ ಘಮ ನನಗೆ ಪ್ರಾಣ. ತಿರುಳು ಚೀಪಿ ಸಿಪ್ಪೆ ಉಗಿಯುವ ಸುಖ ಬೇರೆ ಯಾವ ದ್ರಾಕ್ಷಿಯಲ್ಲೂ ಇಲ್ಲ. ಆದರೆ ಖಾರದ ಊಟಕ್ಕೆ ಅಷ್ಟು ಸಿಹಿ ಒಗ್ಗುವುದಿಲ್ಲ.

ಬ್ರಾಂಡಿಗಿಂತ ಅಂಗಡಿ ಮುಖ್ಯ. ಎಷ್ಟೋ ಅಂಗಡಿಗಳಲ್ಲಿ ಫ್ರಿಜ್ಜಿನ ತುಂಬ ಬಿಯರ್, ವೈನ್ ಮಾತ್ರ ಪಡುವಣ ಬಿಸಿಲು ಬೀಳುವ ಗಾಜಿನ ಹಿಂದೆ. ಬಾಟಲಿಯ ಕತ್ತಿನ ಮೇಲೆ ಧೂಳು. ಕಾರ್ಕ್ ಇದ್ದರೆ ಶಾಖಕ್ಕೆ ತುಸು ಮೇಲೆದ್ದು ಹೊದಿಕೆಯನ್ನು ಉಬ್ಬಿಸಿರುತ್ತದೆ, ಅಂಚಿನಲ್ಲಿ ಅಂಟಂಟು ಜಿನುಗು. ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ಹಳೆಯದಾದಷ್ಟೂ ವೈನ್ ರುಚಿ ಎಂಬ ಮಾತು ಕೆಲವೇ ದುಬಾರಿ ವೈನುಗಳಿಗೆ ಸಲ್ಲುತ್ತದೆ. ಅಗ್ಗದ ವೈನಿನ ಜೀವಾಳ ಅದರ ಎಳೆತನ. ಲೇಬಲ್ಲಿನಲ್ಲಿ ಕೊಯ್ಲಿನ ವರ್ಷ ನೋಡಿ, ಎರಡು ಮೂರು ವರ್ಷಕ್ಕಿಂತ ಹಳೆಯದನ್ನು ಬಿಟ್ಟುಬಿಡಿ. ಮನೆಗೆ ತಂದ ಮೇಲೆ ಲೋಟವನ್ನು ಬಿಳಿ ಹಾಳೆಯ ಮೇಲೆ ಓರೆ ಹಿಡಿದರೆ ಗೊತ್ತಾಗುತ್ತದೆ: ಅಂಚಿನಲ್ಲಿ ನೇರಳೆ ಛಾಯೆ ಇದ್ದರೆ ಎಳೆಯದು, ಇಟ್ಟಿಗೆಯ ಕಂದು ಬಣ್ಣಕ್ಕೆ ತಿರುಗಿ, ಬೇಯಿಸಿದ ಹಣ್ಣಿನ ವಾಸನೆ ಬಂದರೆ ಬಿಸಿಲುಂಡದ್ದು.

ರೆಡ್ ವೈನನ್ನು ತಣ್ಣಗೆ ಮಾಡಬಾರದೆಂಬ ನಂಬಿಕೆ ನಮ್ಮ ಹವೆಗೆ ಹೊಂದುವುದಿಲ್ಲ. 16ರಿಂದ 18 ಡಿಗ್ರಿ ಅದಕ್ಕೆ ಹಿತ. ಏಪ್ರಿಲ್‌ನಲ್ಲಿ ನಮ್ಮ ಮನೆಯೊಳಗೇ 30 ಇರುತ್ತದೆ. ಕೆಲಹೊತ್ತು ಫ್ರಿಜ್ಜಿನಲ್ಲಿಟ್ಟರೆ ಆಲ್ಕೋಹಾಲಿನ ಘಾಟು ಅಡಗಿ ಹಣ್ಣಿನ ರುಚಿ ಮೇಲೆ ಬರುತ್ತದೆ.

ಊಟದ ಮಾತಿಗೆ ಬಂದರೆ, ಒಗರು ಜಾಸ್ತಿಯಿರುವ ವೈನ್ ಮೆಣಸಿನಕಾಯಿಯ ಉರಿಯನ್ನು ಇನ್ನಷ್ಟು ಕೆರಳಿಸುತ್ತದೆ. ಹಾಗಾಗಿ ಒಗರು ಕಡಿಮೆಯಿರುವುದನ್ನೇ ಆರಿಸುತ್ತೇನೆ. ಬದನೆಕಾಯಿ ಎಣ್ಣೆಗಾಯಿಯ ಜೊತೆ ಶಿರಾಜ್ ಕುಡಿದು ನೋಡಿ. ಶೇಂಗಾ, ಎಳ್ಳಿನ ಜಿಡ್ಡು ನಾಲಿಗೆಗೆ ಹತ್ತಿದ ಮೇಲೆ ಅದರಲ್ಲಿರುವ ಅಷ್ಟಿಷ್ಟು ಒಗರೂ ಮೆತ್ತಗಾಗುತ್ತದೆ. ಮಟನ್ ಸಾರಿಗೂ ಅದು ಅಷ್ಟೇ ಚೆನ್ನ.

ವೈನ್ ಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ: ಬಾಟಲಿಗಳನ್ನು ಬಿಸಿಲು ತಾಗದಂತೆ ಒಳಗಿಡಿ ಎಂದು ನಿಮ್ಮ ಅಂಗಡಿಯವರಿಗೆ ಹೇಳಿ, ಈ ವರ್ಷದ ಕೊಯ್ಲಿನದು ಬಂದಿದೆಯೇ ಎಂದು ಕೇಳಿ. ಕೇಳುವವರು ಹೆಚ್ಚಾದರೆ ಅವರೂ ತರಿಸುತ್ತಾರೆ.