ಟ್ಯಾಪೆಟ್ ಸೌಂಡು: ಪೆರ್ಲದ ಮಿತ್ರರಿಗೊಂದು ಕಾಗದ

ಪ್ರಿಯ ಮಿತ್ರರೇ,

ನಿಮ್ಮ ಕಾಗದ ಬಂತು. ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡ ಡೀಸೆಲ್ ಡಿಸೈರ್ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಎನ್ನುತ್ತದೆ. ಒಬ್ಬರು ಮೆಕ್ಯಾನಿಕ್ ‘ಟ್ಯಾಪೆಟ್ ಟೈಟ್ ಮಾಡಿದರೆ ಸಾಕು’ ಎಂದರು, ಇನ್ನೊಬ್ಬರು ‘ಹೆಡ್ ಇಳಿಸಲೇಬೇಕು’ ಎಂದರು. ಯಾರ ಮಾತು ಕೇಳುವುದು ಎಂದು ಬರೆದಿದ್ದೀರಿ. ಸದ್ಯಕ್ಕೆ ಇಬ್ಬರದ್ದೂ ಬೇಡ ಮಾರಾಯ್ರೇ. ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ.

ಟೈಟ್ ಮಾಡುವ ಮಾತು ಹಳೆಯ ಗಾಡಿಗಳ ಕಾಲದ್ದು. ಬಂದಡ್ಕ, ಪಾಣತ್ತೂರು ಕಡೆ ಗುಡ್ಡೆ ಹತ್ತುತ್ತಿದ್ದ ಹಳೆ ಜೀಪುಗಳಿಗೆ, ಅಂಬಾಸಿಡರಿಗೆ, ಪದ್ಮಿನಿಗೆ ರಾಕರಿನ ತುದಿಯಲ್ಲೊಂದು ಸ್ಕ್ರೂ, ಅದಕ್ಕೊಂದು ಲಾಕ್‌ನಟ್ಟು ಇರುತ್ತಿತ್ತು. ಫೀಲರ್ ಗೇಜ್ ತೂರಿಸಿ ಗ್ಯಾಪ್ ಹಿಡಿದು ನಟ್ಟು ಬಿಗಿದರೆ ಸೌಂಡು ನಿಂತಿತು. ನಿಮ್ಮ ಕಾರಿನ 1,248 ಸಿಸಿ ಎಂಜಿನ್ನಿನಲ್ಲಿ ಬಿಗಿಯುವುದಕ್ಕೆ ಅಂಥ ಸ್ಕ್ರೂವೇ ಇಲ್ಲ. ಅದು ಮೂಲತಃ ಫಿಯೆಟ್‌ನ ಮಲ್ಟಿಜೆಟ್. 2007ರಲ್ಲಿ ಸ್ವಿಫ್ಟಿಗೆ, 2008ರಲ್ಲಿ ಡಿಸೈರಿಗೆ ಬಂತು. ರಿಟ್ಜ್, ಪುಂಟೊ, ಟಾಟಾ ವಿಸ್ತಾಗಳಲ್ಲೂ ಇದ್ದದ್ದು ಇದೇ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಯಾದಾಗ ಮಾರುತಿ ಡೀಸೆಲನ್ನೇ ಕೈಬಿಟ್ಟಿತು. ಹಾಗಾಗಿ ರಸ್ತೆಯಲ್ಲಿರುವ ಡೀಸೆಲ್ ಡಿಸೈರುಗಳಿಗೆಲ್ಲ ಈಗ ವಯಸ್ಸಾಗಿದೆ, ಅಲ್ಲಲ್ಲಿ ಸದ್ದು ಬರುವುದು ಸಹಜವೇ.

ಇದರಲ್ಲಿ ನಾಲ್ಕು ಸಿಲಿಂಡರಿಗೆ ಹದಿನಾರು ವಾಲ್ವು, ಹದಿನಾರು ಹೈಡ್ರಾಲಿಕ್ ಟ್ಯಾಪೆಟ್ಟು. ಬೆರಳಿನ ಹಾಗಿರುವ ಒಂದು ಫಾಲೋವರ್‌ನ ಒಂದು ತುದಿ ವಾಲ್ವಿನ ಮೇಲೆ, ಇನ್ನೊಂದು ತುದಿ ಟ್ಯಾಪೆಟ್ಟಿನ ಮೇಲೆ ಕೂತಿರುತ್ತದೆ. ನಡುವಿನ ರೋಲರನ್ನು ಕ್ಯಾಮ್ ಒತ್ತುತ್ತದೆ. ಟ್ಯಾಪೆಟ್ಟಿನೊಳಗೆ ಒಂದು ಪುಟ್ಟ ಪ್ಲಂಜರ್, ಅದರಡಿ ಸ್ಪ್ರಿಂಗು, ಮತ್ತೆ ಆಯಿಲನ್ನು ಒಳಗೆ ಬಿಟ್ಟು ಹೊರಗೆ ಬಿಡದ ಒಂದು ಗುಂಡು. ಒಳಗೆ ತುಂಬಿದ ಆಯಿಲು ಅದುಮಿದರೂ ಕುಗ್ಗುವುದಿಲ್ಲವಾದ್ದರಿಂದ ಗ್ಯಾಪ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಈ ಏರ್ಪಾಡು ಹೊಸದೇನಲ್ಲ. 1930ರ ಕ್ಯಾಡಿಲಾಕ್ ವಿ-16 ಕಾರಿನಲ್ಲೇ ಇತ್ತು, ಎಂಜಿನ್ನು ಸದ್ದಿಲ್ಲದೆ ಓಡಬೇಕೆಂಬ ಹಟಕ್ಕೆ.

ಆಯಿಲಿನ ಬದಲು ಗಾಳಿ ಸೇರಿದರೆ ಇದೆಲ್ಲ ಕೆಟ್ಟಿತು. ನೀವು ಅಡಿಕೆಗೆ ಮದ್ದು ಬಿಡಿಸುವವರು, ನಿಮಗೆ ಗೊತ್ತಿದೆ: ಡ್ರಮ್ಮಿನಲ್ಲಿ ಬೋರ್ಡೋ ತಳ ಹತ್ತಿ ಪಂಪು ಗಾಳಿ ಎಳೆಯಲು ಸುರುವಾದರೆ ಗನ್ನಿನಲ್ಲಿ ಜೋರೇ ಇರುವುದಿಲ್ಲ. ಎಂಜಿನ್ನಿನಲ್ಲೂ ಅಷ್ಟೇ. ಆಯಿಲು ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ. ಹೆಚ್ಚು ಸುರಿದರೂ ಆಗದು, ಕ್ರ್ಯಾಂಕು ಅದನ್ನು ಕಡೆದು ನೊರೆ ಮಾಡುತ್ತದೆ. ನೊರೆ ತುಂಬಿದ ಟ್ಯಾಪೆಟ್ಟು ಒತ್ತಿದಾಗ ಕುಗ್ಗುತ್ತದೆ. ಆ ಕುಗ್ಗಿನಿಂದ ಆದ ಗ್ಯಾಪೇ ನಿಮಗೆ ಕೇಳುವ ಟಿಕ್. ಆಯಿಲ್ ನೋಡುವಾಗ ಗಾಡಿ ಸಮತಟ್ಟು ನೆಲದಲ್ಲಿರಲಿ. ನಿಮ್ಮ ಕಡೆ ಮನೆ ಗುಡ್ಡೆಯ ಬದಿಯಲ್ಲಿ, ಅಂಗಳ ಇಳಿಜಾರು. ಅಲ್ಲಿ ಡಿಪ್‌ಸ್ಟಿಕ್ ಹೇಳುವುದು ಸುಳ್ಳು.

ಇನ್ನು ಕಿವಿಯ ಕೆಲಸ. ಕ್ಯಾಮ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಐಡಲಿನಲ್ಲಿ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ಒಂದು ವಾಲ್ವು 400 ಸಲ ತೆರೆಯುತ್ತದೆ, ಅಂದರೆ ಸೆಕೆಂಡಿಗೆ ಏಳು ಸಲದ ಹತ್ತಿರ. ಹಾಳಾದದ್ದು ಒಂದೇ ಟ್ಯಾಪೆಟ್ಟಾದರೆ ಸದ್ದು ಆ ಲಯದಲ್ಲಿ, ಹೆಡ್ಡಿನ ಮೇಲ್ಭಾಗದಿಂದ ಬರುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕವರಿನ ಬೋಲ್ಟಿಗೆ ಒತ್ತಿ, ಹಿಡಿಯನ್ನು ಕಿವಿಗೆ ತಾಗಿಸಿ ಒಂದೊಂದೇ ಕಡೆ ಕೇಳುತ್ತಾ ಬನ್ನಿ. ಅಂಗಿಯ ತೋಳು ಮಡಚಿಕೊಳ್ಳಿ, ಬೆಲ್ಟಿನಿಂದ ದೂರ ಇರಿ. ಡೀಸೆಲ್ ಇಂಜೆಕ್ಟರಿಗೂ ಅದರದ್ದೇ ಟಿಕ್ ಇದೆ. ನಾಲ್ಕರಲ್ಲೂ ಒಂದೇ ಸಮ ಕೇಳಿದರೆ ಅದು ರೋಗವಲ್ಲ. ಟೈಮಿಂಗ್ ಕವರಿನ ಬದಿಯಿಂದ ಗರಗರ ಬಂದರೆ ಚೈನನ್ನು ಸಂಶಯಿಸಿ. ಈ ಎಂಜಿನ್ನಿನ ಚೈನು ಸಡಿಲಾಗುವುದು ಗೊತ್ತಿರುವ ವಿಷಯ, ಅದನ್ನು ಟ್ಯಾಪೆಟ್ಟೆಂದು ತಿಳಿದು ಕೂತರೆ ಎಂಜಿನ್ನೇ ಹೋಗುತ್ತದೆ. ಇನ್ನು ಕೆಳಗಿನಿಂದ ದಪ್ಪ ಸ್ವರದ ಟೊಕ್ ಟೊಕ್, ಅದೂ ಏರು ಹತ್ತುವಾಗ ಜೋರಾದರೆ ಗಾಡಿ ಅಲ್ಲೇ ನಿಲ್ಲಿಸಿ ಎಳೆಸಿಕೊಂಡು ಬನ್ನಿ, ಬೇರಿಂಗಿನ ಕಥೆ ಅದು.

ನಿಮ್ಮ ಕಾಗದದಲ್ಲಿ ನನಗೆ ಮುಖ್ಯವೆನಿಸಿದ ಮಾತು ಬೇರೆಯೇ ಒಂದು: ಆಟಿಯ ಮಳೆಯಲ್ಲಿ ಗಾಡಿ ವಾರಗಟ್ಟಲೆ ಶೆಡ್ಡಿನಲ್ಲಿತ್ತು, ತೆಗೆದರೂ ಸೊಸೈಟಿಗೋ ಡೈರಿಗೋ ಹೋಗಿ ಬಂದದ್ದು ಎಂದಿದ್ದೀರಲ್ಲ. ಬಹಳ ದಿನ ನಿಂತ ಗಾಡಿಯಲ್ಲಿ ಟ್ಯಾಪೆಟ್ಟಿನ ಆಯಿಲು ಮೆಲ್ಲಗೆ ಇಳಿದುಹೋಗುತ್ತದೆ. ಸ್ಟಾರ್ಟ್ ಮಾಡಿ ಕೆಲವು ಸೆಕೆಂಡಿನಲ್ಲಿ ಸದ್ದು ನಿಂತರೆ ತಲೆಬಿಸಿ ಬೇಡ. ಕೆಡುಕು ಇರುವುದು ಆ ಸಣ್ಣ ಓಡಾಟದಲ್ಲಿ. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್ ಆದರೆ ಒಳಗಿನ ತೇವ ಆವಿಯಾಗಿ ಹೋಗುವುದಿಲ್ಲ, ಆಯಿಲಿನಲ್ಲೇ ಉಳಿದು ಕೆಸರು ಕಟ್ಟುತ್ತದೆ. ಆಯಿಲ್ ಕ್ಯಾಪ್ ತೆಗೆದು ಅಡಿಭಾಗ ನೋಡಿ. ಹಾಲು ಕಾಫಿ ಬಣ್ಣದ ನೊರೆ ಅಂಟಿದ್ದರೆ ಇದೇ ಕಾರಣ ಇರಬಹುದು. ಜೊತೆಗೆ ಕೂಲೆಂಟೂ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ನೋಡಿಸಿ. ಕೆಸರು ಟ್ಯಾಪೆಟ್ಟಿನ ಸೂಜಿಮೊನೆಯಂಥ ತೂತಿಗೆ ಸಿಕ್ಕಿತೆಂದರೆ ಆ ಗುಂಡು ಮುಚ್ಚಿಕೊಳ್ಳುವುದಿಲ್ಲ.

ಅದಕ್ಕೆ ಮೊದಲ ಚಿಕಿತ್ಸೆ ಅಗ್ಗದ್ದು. ಮ್ಯಾನುಯಲ್ಲಿನಲ್ಲಿ ಹೇಳಿದ ಗ್ರೇಡಿನದೇ ಆಯಿಲು, ನಂಬಿಕೆಯ ಅಂಗಡಿಯಿಂದ ತಂದ ಅಸಲಿ ಫಿಲ್ಟರು ಹಾಕಿಸಿ. ಸದ್ದು ಅಡಗಲಿ ಎಂದು ದಪ್ಪ ಆಯಿಲ್ ಹಾಕುವವರಿದ್ದಾರೆ. ಬೆಳಗಿನ ತಂಪಿನಲ್ಲಿ ಅದು ಮೇಲೇರುವುದು ತಡವಾಗಿ ಸದ್ದು ಇನ್ನೂ ಹೆಚ್ಚಾದೀತು. ಡೀಸೆಲ್ ಸುರಿದು ಎಂಜಿನ್ ತೊಳೆಯುವ ಹಳೆ ಪದ್ಧತಿಗೆ ಒಪ್ಪಬೇಡಿ. ಒಮ್ಮೆಲೇ ಕಿತ್ತು ಬಂದ ಕೆಸರು ಪಂಪಿನ ಜಾಲರಿಗೆ ಕೂತರೆ ಆಯಿಲೇ ಬಾರದು. ಹೊಸ ಆಯಿಲು ಹಾಕಿ, ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲೋ ಮಂಗಳೂರಿಗೋ ನಾಲ್ಕಾರು ಸಲ ಉದ್ದಕ್ಕೆ ಓಡಿಸಿ, ಬೇಗನೆ ಮತ್ತೊಮ್ಮೆ ಬದಲಿಸಿ. ಎಷ್ಟೋ ಟ್ಯಾಪೆಟ್ಟುಗಳು ಇಷ್ಟರಲ್ಲೇ ಸುಮ್ಮನಾಗುತ್ತವೆ.

ಆಗದಿದ್ದರೆ ಆಯಿಲ್ ಪ್ರೆಷರ್ ಅಳೆಸಿ. ಡ್ಯಾಶಿನ ಕೆಂಪು ದೀಪವನ್ನು ನಂಬಬೇಡಿ, ಅದು ಹತ್ತುವುದು ಪ್ರೆಷರ್ ತೀರಾ ಕುಸಿದ ಮೇಲೆ. ಆಯಿಲ್ ಸ್ವಿಚ್ ಬಿಚ್ಚಿ ಅದರ ಜಾಗಕ್ಕೆ ಗೇಜ್ ಜೋಡಿಸುವುದು ದೊಡ್ಡ ಕೆಲಸವಲ್ಲ. ಅದನ್ನು ಮಾಡದೆ ಹೆಡ್ ಇಳಿಸಲು ಹೊರಟವರ ಕೈಗೆ ಗಾಡಿಯ ಕೀ ಕೊಡಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಪ್ರೆಷರೇ ಇಲ್ಲದಿದ್ದರೆ ಹದಿನಾರು ಹೊಸ ಟ್ಯಾಪೆಟ್ಟು ಹಾಕಿದರೂ ಹದಿನಾರೂ ಕೂಗುತ್ತವೆ.

ಪ್ರೆಷರ್ ಸರಿ ಇದ್ದೂ ಸದ್ದು ನಿಲ್ಲದಿದ್ದರೆ ಮಾತ್ರ ಬಿಚ್ಚುವುದು. ಅದಕ್ಕೆ ಕ್ಯಾಮ್ ತೆಗೆಯಬೇಕು, ಟೈಮಿಂಗ್ ಲಾಕ್ ಮಾಡುವ ಟೂಲ್ ಬೇಕು. ಟೂಲ್ ಇದೆಯೇ ಎಂದು ಮೊದಲೇ ಕೇಳಿ. ತೆಗೆದ ಟ್ಯಾಪೆಟ್ಟುಗಳನ್ನು ನೇರವಾಗಿ, ಬಂದ ಸಾಲಿನಲ್ಲೇ ಇಡಬೇಕು. ಹೆಬ್ಬೆರಳಲ್ಲಿ ಒತ್ತಿದಾಗ ಒಳ್ಳೆಯದು ಕಲ್ಲಿನ ಹಾಗೆ ನಿಲ್ಲುತ್ತದೆ, ಹಾಳಾದದ್ದು ಮೆತ್ತಗೆ ಒಳಗೆ ಹೋಗುತ್ತದೆ. ಕ್ಯಾಮಿನ ಮೂಗನ್ನೂ ರೋಲರನ್ನೂ ಬೆಳಕಿಗೆ ಹಿಡಿದು ಸವೆತ ನೋಡಬೇಕು. ಹೊಸದನ್ನು ಕೂರಿಸಿದ ಮೇಲೆ ಅವಸರ ಬೇಡ. ಹೆಚ್ಚು ಎದ್ದು ನಿಂತ ಟ್ಯಾಪೆಟ್ಟು ವಾಲ್ವನ್ನು ತೆರೆದೇ ಇಟ್ಟಿರಬಹುದು. ಹಾಗೆಯೇ ಸೆಲ್ಫ್ ಹೊಡೆದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಅರ್ಧ ಗಂಟೆ ಬಿಟ್ಟು, ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಿ, ಆಮೇಲೆ ಸ್ಟಾರ್ಟ್.

ಅಷ್ಟು ದೂರ ಹೋಗಬೇಕಾಗದು ಎಂದೇ ನನ್ನ ಅಂದಾಜು. ಆಯಿಲ್ ಬದಲಿಸಿದ ಮೇಲೆ ಗೇಜ್ ಎಷ್ಟು ತೋರಿಸಿತೆಂದು ಬರೆಯಿರಿ. ಐಡಲಿನದ್ದೂ 2,000 ಸುತ್ತಿನದ್ದೂ ಎರಡೂ ಬೇಕು, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ತೆಗೆದ ಅಂಕಿಯೇ ಆಗಬೇಕು.

ಇತಿ,
ನಿಮ್ಮ ಗೆಳೆಯ