ತೆರೆಯ ಆಚೆಯ ಮೊಮ್ಮಗಳು

ಸಿಯಾಟಲ್‌ನಲ್ಲಿರುವ ನನ್ನ ಮಗಳ ಮನೆಯಲ್ಲಿ ಕನ್ನಡಕ್ಕೆ ಕೊರತೆಯಿರಲಿಲ್ಲ. ಮಗಳು, ಅಳಿಯ ಇಬ್ಬರೂ ದುಡಿಯುವವರು. ಮಗುವಿಗೆ ಊಟ ಮಾಡಿಸುವಾಗ ಟ್ಯಾಬ್ಲೆಟ್‌ನಲ್ಲಿ ಕನ್ನಡದ ಶಿಶುಗೀತೆಗಳನ್ನು ತಪ್ಪದೆ ಹಾಕುತ್ತಿದ್ದರು. ಇಷ್ಟು ಕೇಳಿದ ಮೇಲೆ ಭಾಷೆ ತಾನಾಗಿ ಬಂದೀತೆಂದು ನಾನೂ ನಂಬಿದ್ದೆ. ನಾಲ್ಕು ವರ್ಷ ತುಂಬಿದರೂ ಮೊಮ್ಮಗಳು ನಾವು ಕೇಳಿದ್ದನ್ನು ತಿಳಿದುಕೊಳ್ಳುತ್ತಿದ್ದಳೇ ಹೊರತು ಉತ್ತರವೆಲ್ಲ ಇಂಗ್ಲಿಷಿನಲ್ಲಿಯೇ.

ಅದೇ ಊರಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರ ಪ್ರಯೋಗವೊಂದು 2003ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಮನೆಮಾತಿನ ಒಂಬತ್ತು ತಿಂಗಳ ಕೂಸುಗಳಿಗೆ ಅವರು ಚೀನೀಯರ ಮ್ಯಾಂಡರಿನ್ ಕೇಳಿಸಿದರು. ಎದುರಿಗೆ ಕುಳಿತು ಆಡಿಸುತ್ತ ಮಾತನಾಡಿದವರಿಂದ ಕೇಳಿದ ಕೂಸುಗಳು 12 ಭೇಟಿಗಳಲ್ಲಿಯೇ ಆ ಭಾಷೆಯ ಧ್ವನಿಭೇದವನ್ನು ಗುರುತಿಸಿದವು; ಅದನ್ನೇ ತೆರೆಯ ಮೇಲೆ ಕಂಡವು ಕಲಿಯಲಿಲ್ಲ. ಮುಂದೆ 2014ರ ಇನ್ನೊಂದು ಅಧ್ಯಯನದಲ್ಲಿ ಎರಡು ವರ್ಷ ದಾಟಿದ ಮಕ್ಕಳು ವಿಡಿಯೋ ಕರೆಯಲ್ಲಿ ತಮಗೆ ಉತ್ತರ ಕೊಡುವವರಿಂದ ಹೊಸ ಪದಗಳನ್ನು ಕಲಿತರು, ಮೊದಲೇ ಚಿತ್ರೀಕರಿಸಿದ ವಿಡಿಯೋದಿಂದ ಕಲಿಯಲಿಲ್ಲ. ಹಾಗಾದರೆ ದೋಷ ತೆರೆಯದಲ್ಲ, ಅದರೊಳಗಿನವರು ಮಗುವನ್ನು ಕಾಣದಿರುವುದು ಎಂದುಕೊಂಡೆ.

ಪ್ರತಿ ಭಾನುವಾರ ಬೆಳಗ್ಗೆ, ಅವರಿಗೆ ಶನಿವಾರ ಸಂಜೆ, ವಿಡಿಯೋ ಕರೆಯ ಮುಂದೆ ಕುಳಿತೆ. ಆದರೆ ಕುಳಿತವನು ತಾತನಲ್ಲ, ಮೇಷ್ಟ್ರು! ‘ಬಾಳೆಹಣ್ಣು’ ಎಂಬುದನ್ನು ಅವಳು ‘ಬಾಲೆಅನ್ನು’ ಎಂದರೆ ಮೂರು ಬಾರಿ ಹೇಳಿಸುತ್ತಿದ್ದೆ. ಕೆಲವು ವಾರಗಳಲ್ಲಿ ತೆರೆಯ ಮೇಲೆ ಬರಿಯ ಕುರ್ಚಿ ಉಳಿಯಿತು. “ಅಪ್ಪಾ, ಶನಿವಾರ ಸಂಜೆಯಾದರೆ ಹೊಟ್ಟೆನೋವು ಅಂತಾಳೆ” ಎಂದು ಮಗಳು ಮೆಲ್ಲಗೆ ತಿಳಿಸಿದಳು. ನನ್ನ ತರಗತಿಯಲ್ಲಿಯೂ ಕೆಲವರಿಗೆ ಹಾಗೆ ಹೊಟ್ಟೆ ನೋಯುತ್ತಿತ್ತು. ನೆಪವೆಂದು ಗದರಿಸಿ ಕೂರಿಸಿದ್ದೇನೆ. ಇದನ್ನು ಓದುತ್ತಿರುವವರಲ್ಲಿ ಅವರೂ ಇರಬಹುದು.

ಅಂದಿನಿಂದ ತಿದ್ದುವುದನ್ನು ಬಿಟ್ಟೆ. ಫೋನನ್ನು ಅಡುಗೆಮನೆಗೆ, ಹಿತ್ತಿಲಿಗೆ ಒಯ್ಯುತ್ತೇನೆ. ನುಗ್ಗೆಮರದ ಮೇಲಿನ ಅಳಿಲನ್ನು ಇಬ್ಬರೂ ಕಾಯುತ್ತೇವೆ. ಹಿಂದಿನ ವಾರ ಪತ್ರಿಕೆ ಓದಿ ಹೇಳೋಣವೆಂದು ಮೇಜಿನ ಮೇಲೆಲ್ಲ ತಡಕಾಡುತ್ತಿದ್ದೆ. ಆಚೆಯಿಂದ ನಗು ಕೇಳಿಸಿತು.

“ತಾತಾ, ಕನ್ನಡಕ ತಲೆ ಮೇಲೆ ಇದ್ದಾನೆ!”

ನಾನು ತಲೆಯನ್ನು ಮುಟ್ಟಿ ನೋಡಿಕೊಂಡೆ.

“ಹೌದಲ್ಲ ಪುಟ್ಟಿ, ಇಲ್ಲೇ ಇದ್ದಾನೆ” ಎಂದೆ.