ಕಡತಕ್ಕೊಂದು ಪಾರದರ್ಶಕ ಚಪ್ಪರ

ಕಡತವೆಂದರೆ ಇಂದು ಕಚೇರಿಯ ಫೈಲು. ಮಲೆನಾಡಿನ ಹಿಂದಿನವರಿಗೆ ಅದು ಬಟ್ಟೆ. ಹುಣಿಸೆಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಸಿಟ್ಟ ಕಪ್ಪು ಬಟ್ಟೆ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಕಾದಾಗ ಅಳಿಸಬಹುದೆಂಬುದು ಅದರ ಗುಣ. ಬೇಡವೆಂದರೂ ಅಳಿಯುವುದು ಅವಗುಣ.

ಅಂಥದೊಂದು ನಮ್ಮ ಮನೆಯಲ್ಲಿ ಉಳಿದಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಶರಾವತಿಯ ಹಿನ್ನೀರು ಸಾಗರ, ಹೊಸನಗರ ಸೀಮೆಯ ಊರುಗಳನ್ನು ನುಂಗಿದಾಗ ನಮ್ಮ ಮನೆ, ತೋಟ, ಗದ್ದೆಗಳೂ ಹೋದವು. ಆಗಿನ್ನೂ ಹೊಸ ಸೊಸೆಯಾಗಿದ್ದ ನನ್ನ ಅಜ್ಜಿಯೊಡನೆ, ಪಾತ್ರೆಗಳ ನಡುವೆ ಸಿಕ್ಕಿಕೊಂಡು, ಅವಳ ಮಾವನವರ ಅಡಕೆ ಲೆಕ್ಕದ ಕಡತವೂ ಸಾಗರಕ್ಕೆ ಬಂತು. ಮುಳುಗಿದ ಒಂದೊಂದು ತುಂಡು ನೆಲಕ್ಕೂ ಅದರಲ್ಲಿ ಹೆಸರಿದೆ. ಸರ್ವೆ ನಕ್ಷೆ ನಂಬರು ಕೊಟ್ಟೀತು, ಆ ಹೆಸರುಗಳನ್ನಲ್ಲ. ಅರ್ಧ ಮಾಸಿದ ಆ ಅಕ್ಷರಗಳನ್ನು ಕನ್ನಡ ಎಂ.ಎ. ಓದಿದ ನಾನು ಬಿಡಿಸಲಾರೆ, ಅಜ್ಜಿ ಬಲ್ಲಳು. ಆದರೆ ಅವಳು ಬೆರಳಿಡದೆ ಓದಲಾರಳು. ಬೆರಳು ಸರಿದಲ್ಲಿ ಒಂದಕ್ಷರ ಹೋಗುತ್ತದೆ!

ಗಾಜಿನ ಪೆಟ್ಟಿಗೆ ಮಾಡಿಸಬಹುದಿತ್ತು. ಆದರೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಮಳೆಯನ್ನು ಬಲ್ಲವರು ಮುಚ್ಚಿದ ಪೆಟ್ಟಿಗೆಯಲ್ಲಿ ಬೂಸಲು ಬೆಳೆಯುವುದನ್ನೂ ಬಲ್ಲರು. ಎರಡು ತುದಿ ತೆರೆದ ಚಪ್ಪರದಂಥದು ಬೇಕಿತ್ತು. ಗಾಜನ್ನು ಮನೆಯಲ್ಲಿ ಬಾಗಿಸಲಾಗದು. ಅಕ್ರಿಲಿಕ್ ಹಾಳೆಯನ್ನು ಬಾಗಿಸಬಹುದು. ತೂಕದಲ್ಲಿ ಗಾಜಿನ ಅರ್ಧದಷ್ಟು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಕಿಟಕಿಯಾಗಿ ಹಾರಿದ ವಸ್ತು.

ಮೂರು ಮಿಲಿಮೀಟರಿನ ಹಾಳೆ ತಂದೆ. ಅದರ ಮೇಲಿನ ರಕ್ಷಕ ಕಾಗದವನ್ನು ಕತ್ತರಿಸಿ ಮುಗಿಯುವವರೆಗೆ ತೆಗೆಯಬಾರದು. ಗರಗಸದ ಹಳೆಯ ಅಲಗನ್ನು ಕೊಕ್ಕೆಯಂತೆ ಮಸೆದು, ಉಕ್ಕಿನ ಅಡಿಪಟ್ಟಿಯ ಗುಂಟ ಏಳೆಂಟು ಬಾರಿ ಗೀರಿ, ಗೀರನ್ನು ಮೇಜಿನ ಅಂಚಿಗೆ ಹೊಂದಿಸಿ ಒಮ್ಮೆಲೇ ಒತ್ತಿದರೆ ಟಕ್ಕೆಂದು ನೇರವಾಗಿ ಮುರಿಯುತ್ತದೆ. ವಿದ್ಯುತ್ ಗರಗಸದ ಅವಸರ ಇಲ್ಲಿ ಸಲ್ಲದು. ಕೊಯ್ದ ಸೀಳು ಬಿಸಿಗೆ ಕರಗಿ ಹಿಂದೆಯೇ ಅಂಟಿಕೊಂಡುಬಿಡುತ್ತದೆ. ಒರಟು ಅಂಚನ್ನು ಮರಳುಕಾಗದದಿಂದ ನೀರು ಹಾಕಿ ಉಜ್ಜಿದೆ.

ಬಾಗಿಸುವುದಕ್ಕೆ ಮಾತ್ರ ಮಳೆಗಾಲ ಕಳೆಯಲೆಂದು ಕಾದೆ. ಈ ಹಾಳೆ ಗಾಳಿಯ ತೇವವನ್ನು ಅಷ್ಟಿಷ್ಟು ಹೀರಿಕೊಳ್ಳುತ್ತದೆ. ಹಾಗೆಯೇ ಕಾಯಿಸಿದರೆ ಒಳಗೆ ಗುಳ್ಳೆಯೇಳುತ್ತದೆ. ವಿದ್ಯುತ್ ಕೆಲಸ ಬಲ್ಲ ಮಿತ್ರರೊಬ್ಬರು ನೈಕ್ರೋಮ್ ತಂತಿ ಬಿಗಿದು, ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜು ತಗ್ಗಿಸಿ ಒಂದು ಒಲೆ ಮಾಡಿಕೊಟ್ಟರು. ಬೆಂಕಿಯ ಉರಿ ಕೂಡದು. ಇದು ಹೊತ್ತಿಕೊಳ್ಳುವ ವಸ್ತು. ಕಾಗದ ಸುಲಿದು, ಕಿಟಕಿಗಳನ್ನೆಲ್ಲ ತೆರೆದು, ಗುರುತಿನ ಗೆರೆಯನ್ನು ತಂತಿಯ ಮೇಲೆ, ತಾಗದಂತೆ ಹಿಡಿದೆವು. ಸುಮಾರು 150 ಡಿಗ್ರಿಗೆ ಹಾಳೆ ಹಪ್ಪಳದ ಹಿಟ್ಟಿನಂತೆ ಮಣಿಯುತ್ತದೆ. ಮರದ ಮೂಲೆಗೆ ಒತ್ತಿ, ತಣಿಯುವವರೆಗೂ ಕೈ ಬಿಡಬಾರದು. ವಿಚಿತ್ರವೆಂದರೆ, ಮತ್ತೆ ಕಾಯಿಸಿದರೆ ಅದು ತನ್ನ ಹಳೆಯ ಚಪ್ಪಟೆ ರೂಪಕ್ಕೆ ಮರಳಲು ಹವಣಿಸುತ್ತದೆ.

ಒಂದು ಎಚ್ಚರಿಕೆ: ಒಣಬಟ್ಟೆಯಿಂದ ಉಜ್ಜಿದರೆ ಇದು ಧೂಳನ್ನು ಸೆಳೆಯುತ್ತದೆ. ಬಳಪದ ಪುಡಿಯನ್ನೂ ಸೆಳೆಯದೆ ಬಿಟ್ಟೀತೆ? ಆದ್ದರಿಂದ ಚಪ್ಪರವನ್ನು ಕಡತಕ್ಕಿಂತ ಎರಡಂಗುಲ ಎತ್ತರಿಸಿದ್ದೇನೆ. ಅಜ್ಜಿಯ ಬೆರಳಿನ ಗುರುತುಗಳನ್ನು ಒದ್ದೆಬಟ್ಟೆಯಿಂದ, ಬೇರೆಡೆಗೆ ಒಯ್ದು ಒರೆಸುತ್ತೇನೆ.

"ಮುಟ್ಟಿದರೆ ಹೋಗುವುದಿಲ್ಲವೇನೋ ಮಾಣಿ?" ಎಂದು ಮೂರು ಬಾರಿ ಕೇಳಿಕೊಂಡು, ಅಜ್ಜಿ ಧೈರ್ಯವಾಗಿ ಬೆರಳೂರಿದಳು. ಹಲಸಿನಕಟ್ಟೆ ಗದ್ದೆ. ಹಳ್ಳದಾಚೆ ತೋಟ. ನಾನು ಬರೆದುಕೊಳ್ಳುತ್ತಾ ಹೋದೆ. ಈವರೆಗೆ ಹನ್ನೊಂದು ಹೆಸರುಗಳಾಗಿವೆ. ಇನ್ನೆರಡು ಮಡಿಕೆಗಳನ್ನು ಯುಗಾದಿಯ ರಜೆಗೆ ಇಟ್ಟುಕೊಂಡಿದ್ದೇವೆ.